ಮಲ್ಲವಿನೋದವೂ ಅಭ್ಯಾಸಸುಖವೂ

ಸುಖವೆಂಬುದು ಸಾಧನೆಗೆ ಶತ್ರುವೋ ಸಹಾಯಕವೋ ಎಂಬ ಪ್ರಶ್ನೆಯು ನಮ್ಮ ದೇಶದ ತತ್ತ್ವಚಿಂತನೆಯಷ್ಟೇ ಹಳೆಯದು. ಕಠೋಪನಿಷತ್ತು ಶ್ರೇಯಸ್ಸನ್ನೂ ಪ್ರೇಯಸ್ಸನ್ನೂ ಬೇರೆಬೇರೆ ದಾರಿಗಳೆಂದು ವಿಂಗಡಿಸಿ, ಬಾಲಕನಾದ ನಚಿಕೇತನು ಪ್ರೇಯಸ್ಸನ್ನು ತೊರೆದು ಶ್ರೇಯಸ್ಸನ್ನು ವರಿಸಿದನೆಂದು ಕೊಂಡಾಡುತ್ತದೆ. ಆ ಕಥೆಯನ್ನು ಕೇಳಿ ಬೆಳೆದ ನಮ್ಮಲ್ಲಿ, ಪ್ರಿಯವಾದದ್ದೆಲ್ಲವೂ ಸಂದೇಹಾಸ್ಪದವೆಂದೂ, ಅದರಲ್ಲಿಯೂ ದೇಹಕ್ಕೆ ಪ್ರಿಯವಾದದ್ದು ಆತ್ಮಕ್ಕೆ ಅಹಿತವೇ ಆಗಿರಬೇಕೆಂದೂ ಎಣಿಸುವ ರೂಢಿಯೊಂದು ಬೇರೂರಿದೆ. ಹೀಗಿರುವಲ್ಲಿ, ಇಬ್ಬರು ಮನುಷ್ಯರು ನೆಲದ ಮೇಲೆ ಒಬ್ಬರನ್ನೊಬ್ಬರು ತೆಕ್ಕೆಹಾಯ್ದು, ಕೊರಳನ್ನು ಅಮುಕಿ, ಕೀಲುಗಳನ್ನು ಬಾಗಿಸಿ ಸೆಣಸುವ ವಿದ್ಯೆಯೊಂದರಲ್ಲಿ ಸುಖವಿದೆಯೆಂದೂ, ಆ ಸುಖವು ತತ್ತ್ವವಿಚಾರಕ್ಕೆ ಯೋಗ್ಯವಾದುದೆಂದೂ ಹೇಳಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಬ್ರೆಜಿಲಿಯನ್ ಜಿಯು-ಜಿಟ್ಸು ಎಂದು ಲೋಕದಲ್ಲಿ ಹೆಸರಾಗಿರುವ ಆ ವಿದ್ಯೆಯನ್ನು ನಡುವಯಸ್ಸಿನಲ್ಲಿ ಕೈಕೊಂಡು, ಅದರಲ್ಲಿ ನಿರೀಕ್ಷಿಸದಿದ್ದ ಸಂತೋಷವನ್ನು ಕಂಡುಕೊಂಡ ನನಗೆ, ಆ ಸಂತೋಷವು ಯಾವ ಜಾತಿಯದೆಂಬುದನ್ನು ಶೋಧಿಸಿ ನೋಡುವುದು ಕರ್ತವ್ಯವೆಂದು ತೋರಿದೆ.

ಇದಕ್ಕೆ ಬೇಕಾದ ಒರೆಗಲ್ಲು ನಮ್ಮ ಮನೆಯಲ್ಲಿಯೇ ಇದೆ. ಭಗವದ್ಗೀತೆಯ 18ನೆಯ ಅಧ್ಯಾಯವು ಸುಖವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಇಂದ್ರಿಯವೂ ವಿಷಯವೂ ಕೂಡಿದ ಕ್ಷಣದಲ್ಲಿ ಅಮೃತದಂತೆ ತೋರಿ ಪರಿಣಾಮದಲ್ಲಿ ವಿಷವಾಗುವುದು ರಾಜಸಸುಖ. ನಿದ್ರೆ, ಆಲಸ್ಯ, ಪ್ರಮಾದಗಳಿಂದ ಹುಟ್ಟಿ ಮೊದಲಿನಿಂದ ಕಡೆಯವರೆಗೂ ಬುದ್ಧಿಯನ್ನು ಮಂಕುಗೊಳಿಸುವುದು ತಾಮಸಸುಖ. ಮೊದಲಲ್ಲಿ ವಿಷದಂತಿದ್ದು ಕಡೆಯಲ್ಲಿ ಅಮೃತವಾಗಿ ಪರಿಣಮಿಸುವುದು ಸಾತ್ತ್ವಿಕಸುಖ. ಮನುಷ್ಯನು ಅಭ್ಯಾಸಬಲದಿಂದ ರಮಿಸತಕ್ಕ ಸುಖವೊಂದುಂಟೆಂಬ ಮಾತು ಈ ವಿಂಗಡಣೆಯ ಮುಂಬಾಗಿಲಿನಲ್ಲಿಯೇ ನಿಂತಿದೆ. ಕೆಲವು ಸುಖಗಳು ನಮಗೆ ತಾವಾಗಿ ಒದಗಿಬರುತ್ತವೆ. ಅವುಗಳಿಗೆ ನಾಲಗೆಯೋ ಕಣ್ಣೋ ಇದ್ದರೆ ಸಾಕು. ಮತ್ತೆ ಕೆಲವು, ಅವುಗಳನ್ನು ಅನುಭವಿಸಬಲ್ಲ ಮನುಷ್ಯನನ್ನು ಮೊದಲು ಸಿದ್ಧಗೊಳಿಸಿ, ಆಮೇಲೆ ಅವನ ಬಳಿಗೆ ಬರುತ್ತವೆ. ಈ ಎರಡನೆಯ ವರ್ಗದ ಸುಖವು ದೇಹದ ಮೂಲಕ ಬಂದ ಮಾತ್ರಕ್ಕೆ ಸಾತ್ತ್ವಿಕವಾಗಲಾರದೆಂದು ಗೀತೆಯು ಎಲ್ಲಿಯೂ ಹೇಳಿಲ್ಲ.

ಈ ಒರೆಗಲ್ಲಿಗೆ ಜಿಯು-ಜಿಟ್ಸುವನ್ನು ಹಚ್ಚುವ ಮುನ್ನ, ಆ ವಿದ್ಯೆಯ ಹುಟ್ಟನ್ನು ಕುರಿತು ಕೆಲವು ಸಂಗತಿಗಳನ್ನು ತಿಳಿಯಬೇಕು. ಏಕೆಂದರೆ ಅದರ ಚರಿತ್ರೆಯಲ್ಲಿಯೇ ಅದರ ತತ್ತ್ವವೂ ಅಡಗಿದೆ. ಜಪಾನಿನ ಹಳೆಯ ಜುಜುತ್ಸು ಸಂಪ್ರದಾಯಗಳನ್ನು ಕಲಿತ ಜಿಗೊರೊ ಕಾನೊ ಎಂಬ ತರುಣ ವಿದ್ವಾಂಸನು 1882ರಲ್ಲಿ ಟೋಕಿಯೋ ನಗರದ ಏಶೋಜಿ ಎಂಬ ಬೌದ್ಧದೇವಾಲಯದ ಆವರಣದಲ್ಲಿ ಕೊಡೊಕಾನ್ ಎಂಬ ತನ್ನ ಶಾಲೆಯನ್ನು ತೆರೆದನು. ರಣರಂಗದಲ್ಲಿ ಕೊಲ್ಲುವುದಕ್ಕೆಂದು ಹುಟ್ಟಿದ್ದ ಪಟ್ಟುಗಳಲ್ಲಿ ಅತಿಯಾಗಿ ಅಪಾಯಕರವಾದವುಗಳನ್ನು ನಿತ್ಯದ ಸೆಣಸಾಟದಿಂದ ಆತನು ಹೊರಗಿಟ್ಟನು. ಹೊರನೋಟಕ್ಕೆ ಇದು ವಿದ್ಯೆಯನ್ನು ದುರ್ಬಲಗೊಳಿಸಿದಂತೆ ಕಾಣುತ್ತದೆ; ಪರಿಣಾಮವು ಅದಕ್ಕೆ ವಿರುದ್ಧವಾಯಿತು. ಕಣ್ಣು ಕೀಳುವ ಪಟ್ಟನ್ನು ಜೊತೆಗಾರನ ಮೇಲೆ ಪೂರ್ಣಬಲದಿಂದ ಪ್ರಯೋಗಿಸಿ ಅಭ್ಯಸಿಸುವುದು ಯಾರಿಂದಲೂ ಆಗದು. ಉಳಿದುಕೊಂಡ ಪಟ್ಟುಗಳನ್ನಾದರೋ ಪ್ರತಿದಿನವೂ, ಎದುರಾಳಿಯು ಪೂರ್ಣಮನಸ್ಸಿನಿಂದ ಪ್ರತಿಭಟಿಸುತ್ತಿರುವಾಗಲೇ, ಪರೀಕ್ಷಿಸಿ ನೋಡಬಹುದು. ಹಿಂಸೆಯನ್ನು ಕಳೆದದ್ದರಿಂದ ಸತ್ಯವು ಕೂಡಿತು. ತನ್ನ ಮಾರ್ಗವನ್ನು ಕಾನೊ ಎರಡು ಸೂತ್ರಗಳಲ್ಲಿ ಅಡಕಮಾಡಿದನು: ಶಕ್ತಿಯನ್ನು ಅತ್ಯುತ್ತಮವಾಗಿ ವಿನಿಯೋಗಿಸುವುದು ಒಂದು, ತನಗೂ ಪರನಿಗೂ ಒಟ್ಟಾಗಿ ಅಭ್ಯುದಯವಾಗುವಂತೆ ನಡೆಯುವುದು ಇನ್ನೊಂದು.

ಕೊಡೊಕಾನಿನಲ್ಲಿ ಪಳಗಿದ ಮಿತ್ಸುಯೊ ಮಯೇದಾ ಎಂಬ ಮಲ್ಲನು 1904ರಲ್ಲಿ ಜಪಾನನ್ನು ಬಿಟ್ಟು, ಅಮೆರಿಕ ಯೂರೋಪುಗಳಲ್ಲಿ ಸಂಚರಿಸುತ್ತ ಸೆಣಸುತ್ತ, 1914ರಲ್ಲಿ ಬ್ರೆಜಿಲನ್ನು ಸೇರಿ, ಅಮೆಜಾನ್ ಮುಖಜಭೂಮಿಯ ಬೆಲೆಂ ನಗರದಲ್ಲಿ ನೆಲೆಸಿದನು. ಅವನ ಪರಂಪರೆಯಿಂದ ವಿದ್ಯೆಯನ್ನು ಪಡೆದ ಕಾರ್ಲೋಸ್ ಗ್ರೇಸಿಯೂ ಅವನ ಸಹೋದರರೂ 1920ರ ದಶಕದಲ್ಲಿ ಅದನ್ನು ರಿಯೋ ಡಿ ಜನೈರೋ ನಗರಕ್ಕೆ ಕೊಂಡೊಯ್ದರು. ಅವರಲ್ಲಿ ಕಿರಿಯವನಾದ ಹೇಲಿಯೊ ಗ್ರೇಸಿಯು ಕೃಶಕಾಯನಾಗಿದ್ದುದರಿಂದ, ತೋಳಿನ ಬಲವನ್ನು ನೆಚ್ಚದೆ ಸನ್ನೆಕೋಲಿನ ನ್ಯಾಯವನ್ನೂ ತಾಳ್ಮೆಯನ್ನೂ ನೆಚ್ಚಿ ಪಟ್ಟುಗಳನ್ನು ತಿದ್ದಿದನೆಂದು ಆ ಕುಟುಂಬದ ಸಂಪ್ರದಾಯವು ಹೇಳುತ್ತದೆ. ಮುಂದೆ ಮಯೇದಾನ ಪರಂಪರೆಯ ಇನ್ನೊಂದು ಕವಲಿಗೆ ಸೇರಿದ ಓಸ್ವಾಲ್ಡೊ ಫಾಡ್ಡಾ, ಸಿರಿವಂತರ ನೆರೆಯನ್ನು ಬಿಟ್ಟು, ರಿಯೋ ನಗರದ ಹೊರವಲಯದ ಬಡಜನರಿಗೆ ಈ ವಿದ್ಯೆಯನ್ನು ಕಲಿಸುತ್ತಿದ್ದನು. ಬೌದ್ಧದೇವಾಲಯದ ಚಾಪೆಯಿಂದ ಹೊರಟು ಬಡವರ ಕೇರಿಯವರೆಗೆ ನಡೆದುಬಂದ ಈ ವಿದ್ಯೆಯು ಇಂದು ಭೂಮಂಡಲದ ಬಹುತೇಕ ದೊಡ್ಡ ನಗರಗಳಲ್ಲಿ ನೆಲೆಯೂರಿದೆ.

ಅದರ ಅಸಾಧಾರಣ ಗುಣವಾವುದೆಂಬುದು ನಮ್ಮ ಗರಡಿಯ ಪಕ್ಕದಲ್ಲಿ ಅದನ್ನು ಇರಿಸಿ ನೋಡಿದಾಗ ಸ್ಪಷ್ಟವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲಯುದ್ಧದ ವಿವರಣೆಯು ವಿನೋದಗಳ ಪ್ರಕರಣದಲ್ಲಿ, ಮಲ್ಲವಿನೋದವೆಂಬ ಹೆಸರಿನಲ್ಲಿ, ಬರುತ್ತದೆ. ಎಂದರೆ ಸೆಣಸಾಟವು ಸಂತೋಷದ ಮೂಲಗಳಲ್ಲೊಂದೆಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಆದರೆ ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಪೈಲ್ವಾನನು ಚಿತ್ತಾದನು. ಅಲ್ಲಿಗೆ ಜೋಡಿ ಮುಗಿಯಿತು, ಡೋಲಿನ ಶಬ್ದವು ಗೆದ್ದವನ ಕಡೆಗೆ ತಿರುಗಿತು. ಜಿಯು-ಜಿಟ್ಸುವಿನಲ್ಲಾದರೋ ಬೆನ್ನು ನೆಲಕ್ಕೆ ತಾಗಿದಲ್ಲಿಂದಲೇ ವಿದ್ಯೆಯ ಬಹುಭಾಗವು ಆರಂಭವಾಗುತ್ತದೆ. ಅಂಗಾತ ಬಿದ್ದವನು ತನ್ನ ಎರಡು ಕಾಲುಗಳ ನಡುವೆ ಎದುರಾಳಿಯನ್ನು ತಡೆದಿಡುವ ಸ್ಥಿತಿಗೆ ಗಾರ್ಡ್ ಎಂದು ಹೆಸರು. ಆ ಸ್ಥಿತಿಯಿಂದ ಅವನು ತನ್ನನ್ನು ಕಾಪಾಡಿಕೊಳ್ಳಬಲ್ಲನು, ಮೇಲಿನವನನ್ನು ಉರುಳಿಸಬಲ್ಲನು, ಅವನ ತೋಳನ್ನೋ ಕೊರಳನ್ನೋ ಹಿಡಿದು ಗೆಲ್ಲಲೂ ಬಲ್ಲನು. ಬೀಳುವುದು ಸೋಲಲ್ಲ, ಅದೊಂದು ಸ್ಥಳಾಂತರ, ಎಂಬ ಈ ನಿಲುವು ನನ್ನನ್ನು ಮೊದಲು ಸೆಳೆದ ಸಂಗತಿ. ಬದುಕಿನಲ್ಲಿ ಪ್ರಾಯ ಕಳೆದಂತೆ, ಬೀಳದೆ ಇರುವ ಉಪಾಯಗಳಿಗಿಂತ ಬಿದ್ದ ಮೇಲೆ ಮಾಡತಕ್ಕದ್ದೇನೆಂಬ ತಿಳಿವು ಮನುಷ್ಯನಿಗೆ ಹೆಚ್ಚು ಬೇಕಾಗುತ್ತದೆ.

ಆದರೆ ಮೊದಲ ತಿಂಗಳುಗಳಲ್ಲಿ ಈ ನಿಲುವು ಬರಿಯ ಮಾತಾಗಿಯೇ ಉಳಿಯುತ್ತದೆ. ಗೀತೆಯು ಹೇಳಿದ ವಿಷವು ಆಗ ದೊರಕುವ ಪಾನೀಯ. ದಪ್ಪ ನೂಲಿನ ಗೀ ಎಂಬ ಅಂಗಿಯನ್ನು ತೊಟ್ಟು, ಬಿಳಿಯ ಬೆಲ್ಟನ್ನು ಬಿಗಿದು ಮ್ಯಾಟಿಗೆ ಇಳಿದವನ ಎದೆಯ ಮೇಲೆ ಪರಿಣತನೊಬ್ಬನು ಕುಳಿತನೆಂದರೆ, ಮೊದಲು ಕೈಬಿಡುವುದು ಉಸಿರು. ಉಸಿರಿನ ಹಿಂದೆ ವಿವೇಕವೂ ಹೊರಟುಹೋಗುತ್ತದೆ. ಕಲಿಯದವನು ಆಗ ತನ್ನ ಸಮಸ್ತ ಬಲವನ್ನೂ ಒಮ್ಮೆಗೇ ಸುರಿದು, ತೋಳುಗಳಿಂದ ಭಾರವನ್ನು ಮೇಲಕ್ಕೆ ತಳ್ಳುತ್ತಾನೆ. ಹಾಗೆ ಚಾಚಿದ ತೋಳೇ ಎದುರಾಳಿಗೆ ಬೇಕಾಗಿದ್ದ ವಸ್ತು. ಅದನ್ನು ಎರಡು ತೊಡೆಗಳ ನಡುವೆ ಸೇರಿಸಿ, ಮೊಣಕೈಯನ್ನು ತನ್ನ ಸೊಂಟದ ಮೇಲಿರಿಸಿಕೊಂಡು ಅವನು ಹಿಂದಕ್ಕೆ ಒರಗಿದರೆ, ಒಬ್ಬನ ಸೊಂಟ, ಬೆನ್ನು, ಕಾಲುಗಳ ಒಟ್ಟು ಬಲಕ್ಕೆ ಇನ್ನೊಬ್ಬನ ಒಂದು ಕೀಲು ಎದುರಾಗುತ್ತದೆ. ಇದೇ ಆರ್ಮ್‌ಬಾರ್. ತನ್ನ ಭಯವೇ ತನ್ನ ಕೈಯನ್ನು ಶತ್ರುವಿಗೆ ಒಪ್ಪಿಸಿತೆಂಬುದನ್ನು ಮನುಷ್ಯನು ಗ್ರಂಥಗಳಲ್ಲಿ ಅದೆಷ್ಟು ಸಲ ಓದಿದ್ದರೂ, ಮೈಗೆ ತಿಳಿಯುವಂತೆ ಓದಿರುವುದಿಲ್ಲ.

ಪತಂಜಲಿಯು ಯೋಗಸೂತ್ರದಲ್ಲಿ ಆಸನಸಿದ್ಧಿಗೆ ಪ್ರಯತ್ನಶೈಥಿಲ್ಯವನ್ನು ಉಪಾಯವಾಗಿ ಹೇಳಿದ್ದಾನೆ. ಪ್ರಯತ್ನವನ್ನೇ ಬಿಡುವುದು ಬೇರೆ, ಪ್ರಯತ್ನದೊಳಗಿನ ಬಿಗಿತವನ್ನು ಬಿಡುವುದು ಬೇರೆ. ಈ ಎರಡರ ಅಂತರವು ನನಗೆ ಅರಿವಾದದ್ದು ಪರಭಾರದ ಕೆಳಗೆ ಮಲಗಿದ್ದಾಗ. ಕಲಿಸುವವರು ಮತ್ತೆ ಮತ್ತೆ ಹೇಳುವುದು ಇಷ್ಟೇ: ಮೊದಲು ಉಸಿರಾಡು, ಮೊಣಕೈಗಳನ್ನು ಮೈಗೆ ಸೇರಿಸಿಕೋ, ಭಾರವನ್ನು ಎತ್ತಲು ಹೋಗಬೇಡ, ನಿನ್ನ ಸೊಂಟವನ್ನು ಅದರ ಕೆಳಗಿನಿಂದ ಪಕ್ಕಕ್ಕೆ ಸರಿಸಿಕೋ. ಆತನನ್ನು ಕದಲಿಸಲಾರೆನಾದರೂ ನನ್ನನ್ನು ಕದಲಿಸಿಕೊಳ್ಳಬಲ್ಲೆನಷ್ಟೆ. ಒಂದು ಅಂಗುಲದಷ್ಟು ಅವಕಾಶವಾದರೆ ಅಲ್ಲಿ ಮೊಣಕಾಲು ನುಗ್ಗುತ್ತದೆ. ಮೊಣಕಾಲು ನುಗ್ಗಿದರೆ ಮತ್ತಷ್ಟು ಅವಕಾಶವು ಹುಟ್ಟುತ್ತದೆ. ಹೀಗೆ ಅಭ್ಯಾಸವು ನಡೆಯುತ್ತಿರುವಾಗ ಯಾವುದೋ ಒಂದು ಸಂಜೆ, ಅದೇ ಭಾರವು ಎದೆಯ ಮೇಲಿದ್ದರೂ ಉಸಿರು ತಾನಾಗಿ ಸಾಗುತ್ತಿರುವುದನ್ನೂ, ಬುದ್ಧಿಯು ನಿರ್ಮಲವಾಗಿ ಮುಂದಿನ ನಡೆಯನ್ನು ಹುಡುಕುತ್ತಿರುವುದನ್ನೂ ಮನುಷ್ಯನು ಗಮನಿಸುತ್ತಾನೆ. ಗೆಲುವೇನೂ ಸಿಕ್ಕಿರುವುದಿಲ್ಲ, ಕೆಲವು ನಿಮಿಷಗಳಲ್ಲಿ ಸೋಲೇ ಸಿಕ್ಕೀತು. ಆದರೂ ಅಂತರಂಗದಲ್ಲಿ ಸಂತೋಷವೊಂದು ಮೂಡಿರುತ್ತದೆ. ಸುಖದ ಕಾರಣವು ಗೆಲುವಲ್ಲ, ನಿರ್ಭಯತೆ, ಎಂಬುದು ಆಗ ಮೊದಲ ಬಾರಿಗೆ ಗೊತ್ತಾಗುತ್ತದೆ. ದಡದ ಮೇಲೆ ನಿಂತವನಿಗೆ ನೀರಿನ ಆಳವು ಮಾತ್ರ ಕಾಣುತ್ತದೆ, ಅದು ಎತ್ತಿ ಹಿಡಿಯುತ್ತದೆಂಬುದು ಈಜುವವನಿಗೆ ಮಾತ್ರ ವೇದ್ಯವಾಗುತ್ತದೆ. ಈ ಸುಖವೂ ಹಾಗೆ ಹೊರಗಿನವರ ನೋಟಕ್ಕೆ ನಿಲುಕತಕ್ಕದ್ದಲ್ಲ.

ಜಪಾನಿನ ಝೆನ್ ಗುರುವಾದ ತಕುವಾನ್ ಸೋಹೊ 17ನೆಯ ಶತಮಾನದಲ್ಲಿ ಯಾಗ್ಯು ಮುನೆನೊರಿ ಎಂಬ ಖಡ್ಗವಿದ್ಯಾಚಾರ್ಯನಿಗೆ ಬರೆದ ಉಪದೇಶದಲ್ಲಿ, ಚಿತ್ತವು ಎಲ್ಲಿಯೂ ನಿಂತುಬಿಡಬಾರದೆಂದು ಬೋಧಿಸಿದನು. ಎದುರಾಳಿಯ ಕತ್ತಿಯಲ್ಲಿ ನಿಂತರೆ ಅದು ಕತ್ತಿಗೆ ಸೆರೆಯಾಗುತ್ತದೆ, ತನ್ನ ಕತ್ತಿಯಲ್ಲಿ ನಿಂತರೆ ಅದಕ್ಕೆ ಸೆರೆಯಾಗುತ್ತದೆ. ಮ್ಯಾಟಿನ ಮೇಲೆ ಇದು ಪ್ರತಿಕ್ಷಣದ ಅನುಭವ. ಹಿಡಿದ ಕಾಲರನ್ನು ಬಿಡಲೊಲ್ಲದವನು ಆ ಕಾಲರಿಗೆ ಕಟ್ಟುಬೀಳುತ್ತಾನೆ. ಕೈತಪ್ಪಿದ ಪಟ್ಟಿಗಾಗಿ ಹಳಹಳಿಸುವವನು ಈಗ ಬರುತ್ತಿರುವ ಪಟ್ಟನ್ನು ಕಾಣುವುದಿಲ್ಲ. ಧ್ಯಾನಪೀಠದ ಮೇಲೆ ಕುಳಿತವನ ಚಿತ್ತವು ಅಲೆದರೆ ಅದು ಅಲೆಯಿತೆಂದು ತಿಳಿಯುವುದಕ್ಕೇ ಬಹಳ ಹೊತ್ತು ಹಿಡಿದೀತು. ಇಲ್ಲಿಯಾದರೋ ಅಲೆದ ಚಿತ್ತಕ್ಕೆ ಎದುರಾಳಿಯು ಕೂಡಲೆ ತಿಳಿವಳಿಕೆ ಕೊಡುತ್ತಾನೆ. ನಾಳೆಯ ಚಿಂತೆಯೂ ನಿನ್ನೆಯ ಕೊರಗೂ ಪ್ರವೇಶಿಸಲಾರದ ಆ ಐದಾರು ನಿಮಿಷಗಳ ಏಕಾಗ್ರತೆಯು ಈ ಸುಖದ ಎರಡನೆಯ ಅಂಗ.

ಮೂರನೆಯದು ಟ್ಯಾಪ್ ಎಂಬ ನಿಯಮ. ಈ ವಿದ್ಯೆಯ ನೀತಿಯೆಲ್ಲವೂ ಅದರಲ್ಲಿದೆಯೆಂದರೂ ಸಲ್ಲುತ್ತದೆ. ಪಟ್ಟಿನಲ್ಲಿ ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ಎರಡು ಸಲ ತಟ್ಟಿದರೆ ಸಾಕು, ಹಿಡಿದವನು ಆ ಕ್ಷಣದಲ್ಲಿಯೇ ಬಿಡತಕ್ಕದ್ದು. ಕೊರಳಿನ ಎರಡು ಪಕ್ಕದ ರಕ್ತನಾಳಗಳನ್ನು ಸರಿಯಾಗಿ ಅಮುಕಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆಯು ತಪ್ಪುತ್ತದೆ; ಅಂತಹ ಹಿಡಿತಕ್ಕೆ ತನ್ನ ಕೊರಳನ್ನು ಪ್ರತಿದಿನವೂ ಒಪ್ಪಿಸುವವನು, ತಾನು ತಟ್ಟಿದಾಗ ಅವನು ಬಿಡುವನೆಂಬ ನಂಬಿಕೆಯೊಂದನ್ನೇ ಆಧರಿಸಿದ್ದಾನೆ. ಇದು ಹಿಂಸೆಯ ವಿದ್ಯೆಯಲ್ಲವೇ ಎಂದು ಕೇಳುವ ಸಜ್ಜನರಿಗೆ ನನ್ನ ಉತ್ತರವು ಇಲ್ಲಿದೆ. ಗಾಂಧೀಜಿಯವರು ಅಹಿಂಸೆಯನ್ನೂ ಹೇಡಿತನವನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸಿದರು. ನೋಯಿಸಲಾರದವನು ನೋಯಿಸದೆ ಇದ್ದರೆ ಅದು ವ್ರತವಾಗದು. ಕೈಯಲ್ಲಿ ಪರನ ಪ್ರಾಣವಿದ್ದು, ಅಂಗೈಯ ಎರಡು ಮೆಲುತಟ್ಟುಗಳಿಗೆ ಓಗೊಟ್ಟು ಅದನ್ನು ಬಿಟ್ಟುಕೊಡುವುದನ್ನು ದಿನಕ್ಕೆ ಹಲವು ಬಾರಿ ಅಭ್ಯಸಿಸುವವನು ಅಹಿಂಸೆಯ ಪಾಠವನ್ನು ಸ್ನಾಯುಗಳಲ್ಲಿ ಬರೆದುಕೊಳ್ಳುತ್ತಾನೆ. ತಟ್ಟುವವನು ಕಲಿಯುವುದು ಸತ್ಯವನ್ನು: ನಾನು ಈಗ ಸೋತಿದ್ದೇನೆ ಎಂದು, ಬೇರೆಯವರು ಸಾರುವ ಮೊದಲು, ತನ್ನ ಕೈಯಿಂದಲೇ ಒಪ್ಪಿಕೊಳ್ಳುವುದನ್ನು. ಅಹಂಕಾರವು ಇದನ್ನು ಮರಣವೆಂದೇ ಬಗೆಯುತ್ತದೆ. ತಟ್ಟಿದ ಮರುಕ್ಷಣ ಇಬ್ಬರೂ ಕೈಕುಲುಕಿ ಮತ್ತೆ ಮೊದಲಿನಿಂದ ಆರಂಭಿಸುವಾಗ, ಸತ್ತದ್ದು ಏನೂ ಇಲ್ಲವೆಂಬುದು ಗೋಚರವಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಈ ವಿದ್ಯೆಯಲ್ಲಿ ಪಂದ್ಯಗಳಿವೆ, ಅಂಕಗಳಿವೆ, ಪದಕಗಳಿವೆ; ಎದುರಾಳಿಯನ್ನು ಕೆಡವಿದರೆ ಎರಡು ಅಂಕ, ಗಾರ್ಡನ್ನು ದಾಟಿದರೆ ಮೂರು, ಎದೆಯನ್ನೇರಿ ಕುಳಿತರೆ ನಾಲ್ಕು. 1993ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ, ಬೇರೆಬೇರೆ ಕಾಳಗವಿದ್ಯೆಗಳವರು ಸೆಣಸುವ ಯುಎಫ್‌ಸಿ ಎಂಬ ಮೊದಲ ಪಂದ್ಯಾವಳಿಯಲ್ಲಿ ಹೇಲಿಯೊನ ಮಗ ರಾಯ್ಸ್ ಗ್ರೇಸಿಯು ತನಗಿಂತ ದೊಡ್ಡ ಮೈಯವರನ್ನು ಸೋಲಿಸಿದ ಮೇಲೆ ಈ ವಿದ್ಯೆಗೆ ದೊರೆತ ಲೋಕಖ್ಯಾತಿಯು, ಬಹುಮಟ್ಟಿಗೆ ಗೆಲುವಿನ ಖ್ಯಾತಿಯೇ. ಹಾಗಾದರೆ ಇದರ ಸುಖವು ರಾಜಸವಲ್ಲವೇ? ಗೆಲುವನ್ನೇ ಬಯಸಿ ಬಂದವನಿಗೆ ಅದು ರಾಜಸವೇ ಆಗಿರುತ್ತದೆ. ಮೊದಲು ಅಮೃತ, ಆಮೇಲೆ ತನಗಿಂತ ಬಲ್ಲವನು ಬಂದ ದಿನ ವಿಷ. ಆದರೆ ಈ ವಿದ್ಯೆಯ ಸ್ಮೃತಿಯಲ್ಲಿ ಗೌರವದ ಸ್ಥಾನವನ್ನು ಪಡೆದಿರುವುದು ಒಂದು ಸೋಲು. 1951ರಲ್ಲಿ ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಮಹಾಮಲ್ಲನಾದ ಮಸಾಹಿಕೊ ಕಿಮುರಾ ಹೇಲಿಯೊನ ತೋಳನ್ನು ಬೆನ್ನಹಿಂದಕ್ಕೆ ತಿರುಚಿ ಹಿಡಿದನು. ಹೇಲಿಯೊ ತಟ್ಟಲೊಲ್ಲದೆ ಉಳಿದಾಗ ಅಣ್ಣನಾದ ಕಾರ್ಲೋಸನೇ ಟವೆಲನ್ನು ಎಸೆದು ಕಾಳಗವನ್ನು ನಿಲ್ಲಿಸಿದನು. ಸೋತ ಪಕ್ಷದವರು ಆ ಪಟ್ಟಿಗೆ ಗೆದ್ದವನ ಹೆಸರನ್ನೇ ಇಟ್ಟು, ಅಂದಿನಿಂದ ಇಂದಿನವರೆಗೂ ತಮ್ಮ ಶಿಷ್ಯರಿಗೆ ಕಿಮುರಾ ಎಂದೇ ಕಲಿಸುತ್ತಿದ್ದಾರೆ. ತನ್ನನ್ನು ಗೆದ್ದವನನ್ನು ಗುರುಸ್ಥಾನದಲ್ಲಿರಿಸಬಲ್ಲ ಸಂಪ್ರದಾಯದಲ್ಲಿ ರಜೋಗುಣವನ್ನು ದಾಟುವ ಮೆಟ್ಟಿಲು ಒಂದಾದರೂ ಇದೆಯೆಂದು ಒಪ್ಪಬೇಕು. ಸೋತ ಹೇಲಿಯೊ 95 ವರ್ಷ ಬದುಕಿ 2009ರಲ್ಲಿ ತೀರಿಕೊಂಡನು. ಮುಪ್ಪಿನಲ್ಲಿಯೂ ಅವನು ಈ ವಿದ್ಯೆಯನ್ನು ಬಿಟ್ಟಿರಲಿಲ್ಲ.

ಎದುರಾಳಿಯು ಯಾರು ಎಂಬ ಪ್ರಶ್ನೆಯನ್ನು ಇನ್ನೂ ಆಳಕ್ಕೆ ಕೊಂಡೊಯ್ದ ಕಥೆಯೊಂದು ನಮ್ಮಲ್ಲಿದೆ. ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡುತ್ತಿದ್ದ ಅರ್ಜುನನಿಗೆ ಶಿವನು ಕಿರಾತನಾಗಿ ಎದುರಾದನು. ಮಹಾಭಾರತದ ಅರಣ್ಯಪರ್ವದಲ್ಲಿ ಬಾಣಗಳು ಮುಗಿದು, ಆಯುಧಗಳೆಲ್ಲ ವ್ಯರ್ಥವಾಗಿ, ಕಡೆಗೆ ಬರಿಯ ತೋಳುಗಳ ತೆಕ್ಕೆಯಲ್ಲಿ ಅರ್ಜುನನು ಅಮುಕಲ್ಪಟ್ಟು ಪ್ರಜ್ಞೆತಪ್ಪಿ ಬೀಳುತ್ತಾನೆ. ಎಚ್ಚತ್ತು, ಮಣ್ಣಿನಲ್ಲಿ ಶಿವಮೂರ್ತಿಯನ್ನು ಮಾಡಿ ಪೂಜಿಸಿದಾಗ, ಅದಕ್ಕೆ ಏರಿಸಿದ ಮಾಲೆಯು ಕಿರಾತನ ತಲೆಯ ಮೇಲೆ ಕಾಣುತ್ತದೆ. ಭಾರವಿಯ ಕಿರಾತಾರ್ಜುನೀಯದಲ್ಲಿ, ಮಲ್ಲಯುದ್ಧದ ನಡುವೆ ಆಕಾಶಕ್ಕೆ ನೆಗೆದ ಕಿರಾತನ ಪಾದಗಳನ್ನು ಕೆಡಹಬೇಕೆಂದೇ ಅರ್ಜುನನು ಹಿಡಿಯುತ್ತಾನೆ. ಶಿವನು ಅದಕ್ಕೆ ಮೆಚ್ಚಿ ಅವನನ್ನು ಆಲಿಂಗಿಸುತ್ತಾನೆ. ಕುಮಾರವ್ಯಾಸನ ಮೂಲಕ ಈ ಪ್ರಸಂಗವು ಕನ್ನಡದ ಮನೆಮನೆಗೂ ಬಂದಿದೆ. ಯೆಹೂದ್ಯರ ಆದಿಕಾಂಡದಲ್ಲಿಯೂ ಯಾಕೋಬನು ರಾತ್ರಿಯೆಲ್ಲ ಅಜ್ಞಾತನೊಬ್ಬನೊಡನೆ ಹೋರಾಡಿ, ತೊಡೆಯ ಕೀಲು ತಪ್ಪಿದರೂ ಬಿಡದೆ, ಬೆಳಗಾಗುವಾಗ ಆಶೀರ್ವಾದವನ್ನು ಪಡೆಯುತ್ತಾನೆ. ದೂರದೂರದ ಎರಡು ಧರ್ಮಗಳು ದೈವದ ಸಾಕ್ಷಾತ್ಕಾರಕ್ಕೆ ಮಲ್ಲಯುದ್ಧವನ್ನು ರೂಪಕವಾಗಿ ಆರಿಸಿಕೊಂಡದ್ದು ನಿಷ್ಕಾರಣವಾಗಿರಲಾರದು. ಬಿಲ್ಲುಗಾರನಿಗೂ ಅವನ ಗುರಿಗೂ ನಡುವೆ ಬಯಲಿದೆ. ಮಲ್ಲರ ನಡುವೆ ಬಯಲಿಲ್ಲ. ಎದುರಿಸುವುದೂ ಅಪ್ಪಿಕೊಳ್ಳುವುದೂ ಅಲ್ಲಿ ಒಂದೇ ಕ್ರಿಯೆ. ನನ್ನ ಮಿತಿಯನ್ನು ನನಗೆ ತೋರಿಸಿಕೊಡುವವನು, ಆ ತೋರಿಸಿಕೊಡುವಿಕೆಯಿಂದಲೇ ನನಗೆ ಉಪಕಾರಿಯಾಗುತ್ತಾನೆ. ಆ ಉಪಕಾರವನ್ನು ಗುರುತಿಸಿದ ಮೇಲೆ ಅವನನ್ನು ಶತ್ರುವೆಂದು ಕರೆಯಲು ನಾಲಗೆಯು ಏಳುವುದಿಲ್ಲ.

ಇಷ್ಟನ್ನು ಹೇಳಿ, ಈ ಸುಖವೇ ಮೋಕ್ಷದ ದ್ವಾರವೆಂದು ಸಾರುವುದು ಅವಿವೇಕವಾಗುತ್ತದೆ. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಬೆಲ್ಟುಗಳ ಏರುವರಿಸೆಯಲ್ಲಿ, ಕಡೆಯದನ್ನು ಮುಟ್ಟಲು ಸಾಮಾನ್ಯವಾಗಿ ಹತ್ತು ವರ್ಷಗಳ ಆಸುಪಾಸು ಬೇಕಾಗುತ್ತದೆ. ಅಷ್ಟು ಶ್ರಮಿಸಿದ ಬಳಿಕವೂ ಬೆಲ್ಟಿನ ಬಣ್ಣವನ್ನೇ ಅಹಂಕಾರದ ಹೊಸ ಉಡುಪಾಗಿ ತೊಡುವುದು ಅಸಾಧ್ಯವೇನಲ್ಲ. ಯಾವ ಸಾಧನೆಗೂ ಈ ಅಪಾಯವು ತಪ್ಪಿದ್ದಲ್ಲ. ಜಪಮಾಲೆಯನ್ನು ಹಿಡಿದವನಿಗೂ ಅದು ಉಂಟು. ಆದರೆ ತೈತ್ತಿರೀಯೋಪನಿಷತ್ತಿನ ಭೃಗುವು ಬ್ರಹ್ಮವನ್ನು ಅರಸಹೊರಟಾಗ ಮೊದಲು ಕಂಡದ್ದು ಅನ್ನವನ್ನು. ಅನಂತರ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಕಡೆಗೆ ಆನಂದವನ್ನು ಸೇರಿದನು. ಆನಂದವನ್ನು ಕಂಡ ಮೇಲೂ ಅನ್ನವನ್ನು ನಿಂದಿಸಲಾಗದೆಂಬುದು ಅದೇ ಉಪನಿಷತ್ತಿನ ವಿಧಿ. ಅನ್ನಮಯವಾದ ಈ ದೇಹವನ್ನು ಬದಿಗೆ ಸರಿಸಿ ಹಾರಿಹೋಗುವ ಅಡ್ಡದಾರಿಯು ಭೃಗುವಿಗೆ ದೊರೆಯಲಿಲ್ಲ. ನಮಗೂ ದೊರೆಯುವ ಸಂಭವವಿಲ್ಲ.

ಆದುದರಿಂದ ನನ್ನ ನಿರ್ಣಯವು ಇಷ್ಟು. ಸುಖಗಳನ್ನು ದೇಹದ್ದು, ಆತ್ಮದ್ದು ಎಂದು ಒಡೆಯುವ ಬದಲು, ಅಭ್ಯಾಸವನ್ನು ಬೇಡುವ ಸುಖ, ಬೇಡದ ಸುಖ ಎಂದು ವಿಂಗಡಿಸುವುದು ಹೆಚ್ಚು ಯುಕ್ತ. ಭಯವನ್ನು ಕಳೆದು, ಚಿತ್ತವನ್ನು ಒಂದೆಡೆಗೆ ತಂದು, ಸೋಲನ್ನು ಸತ್ಯವಾಗಿ ನುಡಿಯಲು ಕಲಿಸಿ, ಎದುರಾಳಿಯಲ್ಲಿ ಉಪಕಾರಿಯನ್ನು ತೋರಿಸುವ ಸುಖವು ಮ್ಯಾಟಿನ ಮೇಲೆ ಬೆವರಿನ ನಡುವೆ ದೊರೆತರೂ ಸಾತ್ತ್ವಿಕವೇ. ಪ್ರಾಯ ಸಂದಿತೆಂದೋ, ಇದು ವಿದ್ಯಾವಂತರಿಗೆ ತಕ್ಕುದಲ್ಲವೆಂದೋ ದೂರ ನಿಂತಿರುವ ಓದುಗರು, ತಮ್ಮ ಮೈಗೂ ವಯಸ್ಸಿಗೂ ಒಪ್ಪುವ ಯಾವುದಾದರೊಂದು ದೇಹವಿದ್ಯೆಯನ್ನು, ಸಾಧ್ಯವಾದರೆ ಇದನ್ನೇ, ಒಳ್ಳೆಯ ಗುರುವಿನ ಬಳಿ ಇಂದೇ ಆರಂಭಿಸಲಿ. ಮೊದಲಿನ ವಿಷಕ್ಕೆ ಅಂಜಿ ಬಿಡದೆ, ಅಮೃತವು ಬರುವವರೆಗೆ ಅಭ್ಯಾಸವನ್ನು ನಡೆಸಲಿ.